ರೆಸ್ಕ್ಯೂ ಮೋಡನ್ನೇ ಡೀಫಾಲ್ಟ್ ಮಾಡಿ ಸಿಕ್ಕಿಹಾಕಿಕೊಂಡಿದ್ದೇನೆ, ಹೊರಗೆ ಬರೋದು ಹೇಗೆ?

ಹಳೇಡಬ್ಬ:
2 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಲಿನಕ್ಸ್ ಹಾಕಿದ್ದೇನೆ. ಮನೆ ಫೋಟೊಗಳನ್ನೆಲ್ಲ ಅದರಲ್ಲಿಟ್ಟು ಬೀರು ಮೇಲೆ ಓಡಲು ಬಿಡೋಣ ಅಂತ. ಡೆಸ್ಕ್‌ಟಾಪ್ ಸುಮ್ನೆ ಮೆಮೊರಿ ತಿನ್ನುತ್ತದೆ ಅಲ್ವಾ, ಬರೀ ಟೆಕ್ಸ್ಟ್‌ನಲ್ಲೇ ಬೂಟ್ ಆಗಲಿ ಅಂತ ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಕಮಾಂಡ್ ಕೊಡುವಾಗ ಮಾಮೂಲಿ ಟೆಕ್ಸ್ಟ್ ಲಾಗಿನ್‌ನ ಮಲ್ಟಿ-ಯೂಸರ್ ಬದಲು ರಿಪೇರಿಗೆ ಅಂತ ಇರುವ ರೆಸ್ಕ್ಯೂ ಟಾರ್ಗೆಟ್ ಕೊಟ್ಟುಬಿಟ್ಟೆ, ಎರಡೂ ಕಪ್ಪು ಪರದೆಯೇ ತಾನೆ ಅಂದುಕೊಂಡು. ಈಗ ಆನ್ ಮಾಡಿದರೆ ರೂಟ್ (ಅಡ್ಮಿನ್) ಅಕೌಂಟ್ ಲಾಕ್ ಆಗಿದೆ, ಎಂಟರ್ ಒತ್ತು ಅನ್ನುತ್ತದೆ. ಒತ್ತಿದರೆ ಮತ್ತೆ ಅದೇ ಸಾಲು. ಮೊದಲಿಂದ ಇನ್‌ಸ್ಟಾಲ್ ಮಾಡಬೇಕಾ?

ಕರಿಪರದೆ:
ಬೇಡ ಮಾರಾಯ್ರೇ. ಆನ್ ಮಾಡಿ, ಗ್ರಬ್ ಅನ್ನೋ ಬೂಟ್ ಮೆನು ಕಂಡ ತಕ್ಷಣ ಯಾವುದಾದರೂ ಬಾಣದ ಕೀ ಒತ್ತಿ, ಇಲ್ಲದಿದ್ದರೆ 5 ಸೆಕೆಂಡಿಗೆ ಓಡಿಹೋಗುತ್ತದೆ. ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಅಂತ ಶುರುವಾಗಿ ಕೊನೆಯಲ್ಲಿ ಕ್ವಾಯೆಟ್ ಅಂತ ಇರುವ ಉದ್ದ ಸಾಲು ಹುಡುಕಿ, ಅದರ ತುದಿಗೆ ಒಂದು ಸ್ಪೇಸ್ ಬಿಟ್ಟು ಬರೀ 3 ಅಂತ ಹಾಕಿ, ಕಂಟ್ರೋಲ್ ಎಕ್ಸ್ ಒತ್ತಿ. ಇದು ಈ ಒಂದು ಸಲಕ್ಕೆ ಮಾತ್ರ, ಡಿಸ್ಕಿನಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ಹೆದರಬೇಡಿ. ಲಾಗಿನ್ ಆದಮೇಲೆ ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸಲು) ಹಾಕಿ ಸಿಸ್ಟಮ್‌ಸಿಟಿಎಲ್ ಸೆಟ್-ಡೀಫಾಲ್ಟ್ ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್ ಕೊಟ್ಟರೆ ಆಯಿತು.

ಇನಿಟ್ ಕಾಲದವ:
ಲಾಕ್ ಆಗಿರೋದಕ್ಕೆ ಕಾರಣ, ಇನ್‌ಸ್ಟಾಲ್ ಮಾಡುವಾಗ ರೂಟ್ ಪಾಸ್‌ವರ್ಡ್ ಖಾಲಿ ಬಿಟ್ಟಿರುತ್ತೀರಿ. ಹಾಗೆ ಬಿಟ್ಟರೆ ಡೆಬಿಯನ್ ರೂಟನ್ನು ಮುಚ್ಚಿ ನಿಮಗೆ ಸುಡೊ ಕೊಡುತ್ತದೆ. ರೆಸ್ಕ್ಯೂಗೆ ಬೇಕಾಗಿರೋದು ರೂಟ್ ಪಾಸ್‌ವರ್ಡೇ. ಆ 3 ನಮ್ಮ ಕಾಲದ ರನ್‌ಲೆವೆಲ್, ಅಂದರೆ ಯಂತ್ರ ಯಾವ ಸ್ಥಿತಿಗೆ ಬೂಟ್ ಆಗಬೇಕು ಅನ್ನೋ ಸಂಖ್ಯೆ; ಈಗ ಬೂಟ್ ನೋಡಿಕೊಳ್ಳುವ ಸಿಸ್ಟಮ್‌ಡಿಗೂ ಡೆಬಿಯನ್ 12ರಲ್ಲಿ ಅದು ಅರ್ಥವಾಗುತ್ತದೆ. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ 3 ಅಂದರೆ ಟೆಕ್ಸ್ಟ್, 5 ಅಂದರೆ ಡೆಸ್ಕ್‌ಟಾಪ್. ಡೆಬಿಯನ್‌ನಲ್ಲಿ ಆಗ 2ರಿಂದ 5ರವರೆಗೆ ಎಲ್ಲ ಒಂದೇ ಆಗಿತ್ತು, ಅದೊಂದು ಗೊಂದಲ. ಆಗಿನ ಬೂಟ್ ಸೆಟ್ಟಿಂಗ್ ಫೈಲಾದ ಇನಿಟ್‌ಟ್ಯಾಬ್‌ನಲ್ಲಿ ಡೀಫಾಲ್ಟ್ 6 (ರೀಬೂಟ್) ಅಂತ ಬರೆದು, ಯಂತ್ರ ಬೂಟ್ ಆಗೋದು, ರೀಬೂಟ್ ಆಗೋದು, ಇಷ್ಟೇ ಮಾಡುತ್ತಾ ಕೂತಿದ್ದನ್ನು ನೋಡಿದವನು ನಾನು. ನಿಮ್ಮದು ಎಷ್ಟೋ ವಾಸಿ.

ಹಳೇಡಬ್ಬ:
ಬಂತು! ಮೊದಲ ಸಲ ಸ್ಪೇಸ್ ಬಿಡದೆ ಕ್ವಾಯೆಟ್‌ಗೆ ಅಂಟಿಸಿ 3 ಹಾಕಿದ್ದೆ, ಮತ್ತೆ ಅದೇ ಲಾಕ್ ಸಾಲು ಬಂತು. ಎರಡನೇ ಸಲ ಸರಿಹೋಯಿತು. ಆದರೆ ಮುಚ್ಚಳ ಮುಚ್ಚಿ ಬೀರು ಮೇಲೆ ಇಟ್ಟರೆ ಬೇರೆ ಕಂಪ್ಯೂಟರಿನಿಂದ ಮಾಡಿದ ಎಸ್‌ಎಸ್‌ಎಚ್ ಸಂಪರ್ಕ ಕಟ್ ಆಗುತ್ತಿದೆ.

ಕರಿಪರದೆ:
ಮುಚ್ಚಿದರೆ ಮಲಗಿಬಿಡುತ್ತದೆ. ಲಾಗಿನ್‌ಡಿ ಕಾನ್ಫ್ ಫೈಲಿನಲ್ಲಿ ಹ್ಯಾಂಡಲ್‌ಲಿಡ್‌ಸ್ವಿಚ್ ಸಾಲಿನ ಮುಂದಿರುವ ಹ್ಯಾಶ್ ತೆಗೆದು, ಸಮ ಚಿಹ್ನೆಯ ನಂತರ ಇಗ್ನೋರ್ ಅಂತ ಬರೆಯಿರಿ, ಒಂದು ಸಲ ರೀಬೂಟ್ ಕೊಡಿ.