ಡಿಪ್ಲೊಮಾ ಮುಗಿದಿದೆ, ಮೂರು ಕಡೆ ಕರೆದಿದ್ದಾರೆ: ಮೊದಲ ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರು) ಕೆಲಸಕ್ಕೆ ಎಲ್ಲಿ ಸೇರಲಿ?

ಹರಿಹರದ_ಹೊಳೆ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಎಮರ್ಜೆನ್ಸಿ ಕೇರ್ ಡಿಪ್ಲೊಮಾ ಮುಗಿದಿದೆ, ಬಿಎಲ್‌ಎಸ್ (ಪ್ರಾಥಮಿಕ ಜೀವರಕ್ಷಣೆ) ಸರ್ಟಿಫಿಕೇಟೂ ಇದೆ. ಈಗ ಮೂರು ಕಡೆಯಿಂದ ಕರೆ ಬಂದಿದೆ.

ಒಂದು 108, ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ. 12 ಗಂಟೆಯ ಶಿಫ್ಟ್, ಸಂಬಳ ಇನ್ನೂ ಹೇಳಿಲ್ಲ. ಎರಡನೆಯದು ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆ. 8 ಗಂಟೆ ಡ್ಯೂಟಿ, ಗಾಡಿ ಹೊರಡದಿದ್ದಾಗ ಕ್ಯಾಶುವಾಲ್ಟಿಯಲ್ಲಿ ಕೆಲಸ, ತಿಂಗಳಿಗೆ 15,000. ಮೂರನೆಯದು ಬೆಂಗಳೂರಿನ ಖಾಸಗಿ ಆಂಬುಲೆನ್ಸ್ ಕಂಪನಿ. 12 ಗಂಟೆ, 18,000. "ವೆಂಟಿಲೇಟರ್ ಪೇಶೆಂಟ್ ಶಿಫ್ಟಿಂಗ್ ಜಾಸ್ತಿ ಇರುತ್ತೆ, ಬೇಗ ಕಲೀತೀಯ" ಅಂದರು. ಆದರೆ ಎರಡು ವರ್ಷದ ಬಾಂಡ್ ಬರೆದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇಡಬೇಕಂತೆ.

ಮನೆಯಲ್ಲಿ 18,000ದ ಕಡೆ ಒಲವು. ಸಂಬಳ ಬಿಟ್ಟು ಬೇರೆ ಏನೇನು ನೋಡಬೇಕು? ಸೇರುವ ಮೊದಲು ಏನೇನು ಕೇಳಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಪಿಸಿಆರ್_ಪುಟ

ತಂಗಿ, ಮೂರನೆಯದನ್ನು ಈಗಲೇ ಬಿಟ್ಟುಬಿಡು. ಬಾಂಡ್ ವಿಷಯ ಆಮೇಲೆ. ಹೊಸಬರಿಗೆ ವೆಂಟಿಲೇಟರ್ ಶಿಫ್ಟಿಂಗ್ ಕೆಲಸವೇ ಸರಿಯಲ್ಲ. ಯಾಕೆ ಅಂತ ಹೇಳುತ್ತೇನೆ.

ವೆಂಟಿಲೇಟರ್ ಮೇಲಿರುವ ರೋಗಿ ದಾರಿಯಲ್ಲಿ ಕೆಡುವುದು ಹೆಚ್ಚಾಗಿ ನಾಲ್ಕು ಕಾರಣಕ್ಕೆ. ಉಸಿರಾಟಕ್ಕೆ ಗಂಟಲಿಗೆ ಹಾಕಿದ ಟ್ಯೂಬ್ ಜಾರುವುದು, ಟ್ಯೂಬ್‌ನಲ್ಲಿ ಕಫ ಕಟ್ಟುವುದು, ಶ್ವಾಸಕೋಶದ ಸುತ್ತ ಗಾಳಿ ತುಂಬುವುದು, ಯಂತ್ರ ಇಲ್ಲವೇ ಆಮ್ಲಜನಕ ಕೈಕೊಡುವುದು. ಟ್ಯೂಬ್ ಜಾರುವುದು ಗಾಡಿ ಓಡುವಾಗಲ್ಲ. ಹಾಸಿಗೆಯಿಂದ ಸ್ಟ್ರೆಚರ್‌ಗೆ, ಸ್ಟ್ರೆಚರ್‌ನಿಂದ ಹಾಸಿಗೆಗೆ ಎತ್ತುವ ಆ ಅರ್ಧ ನಿಮಿಷದಲ್ಲೇ ಹೆಚ್ಚು. ಅದಕ್ಕೇ ಹೊರಡುವ ಮುಂಚೆ ಟ್ಯೂಬ್ ತುಟಿಯ ಹತ್ತಿರ ಎಷ್ಟು ಸೆಂಟಿಮೀಟರ್ ಗುರುತಿನಲ್ಲಿದೆ ಅಂತ ಬರೆದುಕೊಳ್ಳಬೇಕು, ಪ್ರತಿ ಸಲ ಎತ್ತಿಳಿಸಿದ ಮೇಲೂ ನೋಡಬೇಕು. ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಇಳಿಯತೊಡಗಿತೋ, ವೆಂಟಿಲೇಟರ್ ಬಿಡಿಸಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್‌ಗೆ ಬಂದು, ನಾಲ್ಕರಲ್ಲಿ ಯಾವುದು ಅಂತ ಹುಡುಕಬೇಕು. ಇದನ್ನು ಓಡುವ ಗಾಡಿಯಲ್ಲಿ ಒಬ್ಬಳೇ ಮಾಡುವುದು ಮೊದಲ ವರ್ಷದವಳ ಕೆಲಸ ಅಲ್ಲ. ಡಾಕ್ಟರೋ, ಅನುಭವಿ ಐಸಿಯು ನರ್ಸೋ ಜೊತೆಗಿರಲೇಬೇಕು. "ಬೇಗ ಕಲೀತೀಯ" ಅಂದವರನ್ನು "ಆ ಟ್ರಿಪ್‌ನಲ್ಲಿ ನನ್ನ ಜೊತೆ ಯಾರು ಕೂರುತ್ತಾರೆ?" ಅಂತ ಒಂದೇ ಪ್ರಶ್ನೆ ಕೇಳು. ಉತ್ತರ "ಡ್ರೈವರ್ ಇರ್ತಾನಲ್ಲ" ಅಂತ ಬಂದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಶಿಫ್ಟಿಂಗ್ ರೋಗಿಗೆ ಕಾಯಿಲೆ ಏನು ಅಂತ ಮೊದಲೇ ಗೊತ್ತಿರುತ್ತದೆ, ಐವಿ ಲೈನ್ ಇರುತ್ತದೆ, ಫೈಲ್ ಇರುತ್ತದೆ. ನಮ್ಮ ವಿದ್ಯೆ ಇರುವುದು ಫೈಲ್ ಇಲ್ಲದ ರೋಗಿಯ ಹತ್ತಿರ. ಹೊಲದ ಬದುವಿನ ಮೇಲೆ ಒಬ್ಬ ಬಿದ್ದಿದ್ದಾನೆ ಅಂದುಕೋ. ಬಾಯಲ್ಲಿ ನೊರೆ, ಕಣ್ಣಪಾಪೆ ಸಾಸಿವೆ ಕಾಳಿನಷ್ಟು, ಬಟ್ಟೆಯಲ್ಲಿ ಕೀಟನಾಶಕದ ವಾಸನೆ. ಗ್ಲೌಸ್ ಹಾಕಿ, ಪಕ್ಕಕ್ಕೆ ಹೊರಳಿಸಿ, ಬಾಯಿಯ ನೊರೆ ಹೀರುವ ಸಕ್ಷನ್ ಹಿಡಿದು, ಬಟ್ಟೆ ಕತ್ತರಿಸಿ ತೆಗೆದು, ಮೈ ತೊಳೆದು, ಆಮ್ಲಜನಕ ಕೊಟ್ಟು, ಡಾಕ್ಟರಿಗೆ ಫೋನ್ ಹಚ್ಚಬೇಕು. ಬಟ್ಟೆ ತೆಗೆಯದಿದ್ದರೆ ವಿಷ ಚರ್ಮದಿಂದ ಒಳಗೆ ಇಳಿಯುತ್ತಲೇ ಇರುತ್ತದೆ. ಕಿಟಕಿ ಮುಚ್ಚಿದ ಗಾಡಿಯಲ್ಲಿ ನಿನಗೂ ತಲೆ ಸುತ್ತುತ್ತದೆ. ಈ ಕ್ರಮ ಕೈಗೆ ಹತ್ತುವುದು ಇಂಥ ಕೇಸ್‌ಗಳನ್ನು ಮತ್ತೆ ಮತ್ತೆ ನೋಡಿದಾಗ ಮಾತ್ರ.

ಹಾಗಾಗಿ ನನ್ನ ಮಾತು 108ರ ಕಡೆಗೆ. 2008ರ ನವೆಂಬರ್ 1ರಂದು ಆರೋಗ್ಯ ಕವಚ ಅನ್ನುವ ಈ ಸೇವೆ ಶುರುವಾದಾಗಿನಿಂದ ಹಳ್ಳಿ ಕಡೆಯ ಹೆರಿಗೆ, ಬೈಕ್ ಅಪಘಾತ, ಹಾವು ಕಡಿತ, ವಿಷ, ಎದೆನೋವು ಎಲ್ಲಾ ಬರುವುದು ಆ ನಂಬರಿಗೇ. ಕಾಲ್ ಸೆಂಟರಿನ ಡಾಕ್ಟರನ್ನು, ಅಂದರೆ ಇಆರ್‌ಸಿಪಿಯನ್ನು, ಗಾಡಿಯಿಂದಲೇ ಮಾತಾಡಿಸಿ ಔಷಧಿಗೆ ಒಪ್ಪಿಗೆ ಪಡೆಯುವ ಪದ್ಧತಿ ಇದೆ. ಹೊಸಬರಿಗೆ ಈ ಫೋನ್ ಅರ್ಧ ಬಲ. ಆದರೂ ಕಣ್ಣು ಮುಚ್ಚಿ ಸೇರಬೇಡ. ಇಂಡಕ್ಷನ್ ತರಬೇತಿ ಎಷ್ಟು ದಿನ, ಹಳೆಯ ಇಎಂಟಿ ಜೊತೆ ಎಷ್ಟು ಶಿಫ್ಟ್ ಕೂರಿಸುತ್ತಾರೆ, ಬೇಸ್ ಲೊಕೇಶನ್ (ಗಾಡಿ ನಿಲ್ಲುವ ಜಾಗ) ಯಾವುದು, ರಿಲೀವರ್ (ಮುಂದಿನ ಶಿಫ್ಟ್‌ನವರು) ಬರದಿದ್ದರೆ ಮುಂದಿನ ಶಿಫ್ಟ್ ಯಾರ ತಲೆಗೆ, ಇಷ್ಟನ್ನೂ ಕೇಳಿಯೇ ಸೇರು.

ಗೇಜ್_ನೋಡಿ

ಮೇಲಿನವರು ಹೇಳಿದ್ದು ಸರಿ. ಅದಕ್ಕೆ ಒಂದು ಸೇರಿಸುತ್ತೇನೆ: ಆಫರ್ ಲೆಟರ್ ಓದುವ ಮೊದಲು ಗಾಡಿಯನ್ನು ಓದಿ. ಶಿಫ್ಟ್ ಬದಲಾಗುವ ಹೊತ್ತಿಗೆ ಹೋಗಿ, "ಅರ್ಧ ಗಂಟೆ ಗಾಡಿ ನೋಡಬಹುದಾ ಸರ್?" ಅಂತ ಕೇಳಿ. ಒಳ್ಳೆಯ ಕಡೆ ಖುಷಿಯಿಂದ ತೋರಿಸುತ್ತಾರೆ. ನೆಪ ಹೇಳಿ ಕಳಿಸಿದರೆ ಅದೂ ಉತ್ತರವೇ.

ಮೊದಲು ಗಾಡಿ ಯಾವ ಟೈಪ್ ಅಂತ ತಿಳಿದುಕೊಳ್ಳಿ. ಆಂಬುಲೆನ್ಸ್‌ಗಳ ಎಐಎಸ್-125 ಮಾನದಂಡದಲ್ಲಿ ಬಿ ಟೈಪ್ ಬರೀ ರೋಗಿ ಸಾಗಣೆಗೆ, ಸಿ ಟೈಪ್ ಬಿಎಲ್‌ಎಸ್, ಡಿ ಟೈಪ್ ಎಎಲ್‌ಎಸ್ (ಸುಧಾರಿತ ಜೀವರಕ್ಷಣೆ). ಸಣ್ಣ ವ್ಯಾನಿನ ಮೇಲೆ 'ಐಸಿಯು' ಅಂತ ಬರೆಸಿದ ಮಾತ್ರಕ್ಕೆ ಅದು ಡಿ ಟೈಪ್ ಆಗುವುದಿಲ್ಲ. ರೋಗಿಯ ತಲೆಯ ಹಿಂದೆ ಕೂತು ಆಂಬು ಬ್ಯಾಗ್ ಒತ್ತಲು ಜಾಗ ಇದೆಯೇ? ಇಲ್ಲದಿದ್ದರೆ ಆ ಗಾಡಿಯಲ್ಲಿ ಏರ್‌ವೇ (ಉಸಿರುದಾರಿ) ಕೆಲಸ ಆಗುವುದಿಲ್ಲ, ಅಷ್ಟೇ.

ಆಮ್ಲಜನಕ. ಬಿ ಟೈಪ್ ಸಿಲಿಂಡರ್ (ಇದು ಸಿಲಿಂಡರಿನ ಟೈಪ್, ಗಾಡಿಯದ್ದಲ್ಲ) 10 ಲೀಟರ್ ನೀರು ಹಿಡಿಯುವ ಗಾತ್ರದ್ದು, ಪೂರ್ತಿ ತುಂಬಿದಾಗ ಒತ್ತಡದ ಗೇಜ್ ಸುಮಾರು 150. ಗೇಜ್ ಗುಣಿಸು ಗಾತ್ರ, ಅಂದರೆ 1,500 ಲೀಟರ್ ಗ್ಯಾಸ್. ಗೇಜ್ 60 ತೋರಿಸಿದರೆ 600 ಲೀಟರ್. ನಾನ್ ರಿಬ್ರೀದರ್ ಮಾಸ್ಕ್‌ನಲ್ಲಿ (ಚೀಲ ಇರುವ ಆಮ್ಲಜನಕದ ಮಾಸ್ಕ್) ನಿಮಿಷಕ್ಕೆ 10 ಲೀಟರ್ ಹೋದರೆ ಲೆಕ್ಕಕ್ಕೆ 60 ನಿಮಿಷ. ಕೊನೆಯ 20 ಪಾಯಿಂಟ್ ಮೀಸಲು ಅಂತ ಬಿಟ್ಟರೆ ಕೈಗೆ ಸಿಗುವುದು 40 ನಿಮಿಷ. ಚಿಕ್ಕಮಗಳೂರಿನಿಂದ ಚಾರ್ಮಾಡಿ ಇಳಿದು ಮಂಗಳೂರಿಗೆ ನಾಲ್ಕು ಗಂಟೆ ಅಂತಿಟ್ಟುಕೊಂಡರೆ ಅದೇ 10 ಲೀಟರಿಗೆ 2,400 ಲೀಟರ್ ಬೇಕು. ತುಂಬಿದ ಒಂದು ಬಿ ಟೈಪ್ ಸಿಲಿಂಡರ್ ಕೂಡ ಸಾಲದು. 46.7 ಲೀಟರಿನ ಡಿ ಟೈಪ್ ಸಿಲಿಂಡರ್ ಇದ್ದರೆ 7,000 ಲೀಟರ್ ಸಿಗುತ್ತದೆ. ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ ಒಂದು ಗಂಟೆ ಹಾಗೇ ಹೋಗುತ್ತದೆ, ಅದಕ್ಕೇ ದಾರಿಯ ಹೊತ್ತಿನ ಒಂದೂವರೆ ಪಟ್ಟಾದರೂ ಗ್ಯಾಸ್ ಇಟ್ಟುಕೊಂಡೇ ಹೊರಡಬೇಕು. ಅಲ್ಲಿನ ಸಿಬ್ಬಂದಿಗೆ ಈ ಲೆಕ್ಕ ಬಾಯಲ್ಲಿದೆಯೋ, "ಇರುತ್ತೆ ಬಿಡಿ, ಮೊನ್ನೆ ತುಂಬಿಸಿದ್ದು" ಅನ್ನುತ್ತಾರೋ ಗಮನಿಸಿ. ಸಿಲಿಂಡರ್ ತೆರೆಯುವ ಸ್ಪ್ಯಾನರ್ ಎಲ್ಲಿದೆ ಅಂತಲೂ ಕೇಳಿ. ಸಿಲಿಂಡರ್ ತುಂಬಿದ್ದು ಸ್ಪ್ಯಾನರ್ ಇಲ್ಲದಿದ್ದರೆ ಎರಡೂ ಇಲ್ಲದ ಹಾಗೆ.

ಸಕ್ಷನ್ ಆನ್ ಮಾಡಿ, ಟ್ಯೂಬ್ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ನಾಲ್ಕು ಸೆಕೆಂಡಿನೊಳಗೆ ಮುಳ್ಳು 300 ದಾಟಬೇಕು. ದಾಟದಿದ್ದರೆ ಜಾಡಿಯ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಬ್ಯಾಟರಿ ಸತ್ತಿರುತ್ತದೆ. ಎಇಡಿ (ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರ) ಪ್ಯಾಡ್ ಪೊಟ್ಟಣ ಒಡೆಯದೆ, ಅವಧಿಯೊಳಗೆ ಇರಬೇಕು. ಒಡೆದರೆ ಜೆಲ್ ಒಣಗಿ ಪ್ಯಾಡ್ ಎದೆಗೆ ಅಂಟುವುದೇ ಇಲ್ಲ. ಅಡ್ರಿನಲಿನ್ ಆಂಪ್ಯೂಲ್ ಬೆಳಕಿಗೆ ಹಿಡಿದಾಗ ನೀರಿನಂತೆ ತಿಳಿಯಾಗಿರಬೇಕು. ಗುಲಾಬಿ ಅಥವಾ ಕಂದು ಬಣ್ಣ ತಿರುಗಿದ್ದರೆ ಬಿಸಿಲಲ್ಲಿ ಕೆಟ್ಟಿದೆ ಅಂತಲೇ ಅರ್ಥ. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಬಿಡಿಸಿ ದೀಪ ಹತ್ತುತ್ತದೆಯೇ ನೋಡಿ. ನವಜಾತ ಶಿಶುವಿನ ಆಂಬು ಬ್ಯಾಗ್ ಮತ್ತು ಮಾಸ್ಕ್, ಹೊಕ್ಕುಳಬಳ್ಳಿಗೆ ಹಾಕುವ ಎರಡು ಕಾರ್ಡ್ ಕ್ಲ್ಯಾಂಪ್, ಸ್ಟೆರೈಲ್ ಬ್ಲೇಡ್, ಮಗು ಸುತ್ತಲು ಒಣ ಬಟ್ಟೆ ಇರುವ ಹೆರಿಗೆ ಕಿಟ್ ಇರಬೇಕು. ಸೂಜಿ ಹಾಕುವ ಬಿಳಿ ಡಬ್ಬಿ ಮುಕ್ಕಾಲಿಗಿಂತ ಹೆಚ್ಚು ತುಂಬಿದ್ದರೆ ಅಲ್ಲಿ ಯಾರೋ ಚುಚ್ಚಿಸಿಕೊಳ್ಳುವುದು ಖಂಡಿತ.

ಆಮೇಲೆ ಚೆಕ್‌ಲಿಸ್ಟ್ ಪುಸ್ತಕ ತೆರೆಯಿರಿ. ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಗೇಜ್ ಅಂಕಿ ಇದ್ದರೆ ಅದನ್ನು ಒಂದೇ ದಿನ ಕೂತು ತುಂಬಿಸಿದ್ದಾರೆ.

ವೇತನ_ಚೀಟಿ

ಸಂಬಳದ ಲೆಕ್ಕ ನಾನು ಹೇಳುತ್ತೇನೆ, ಮನೆಯವರಿಗೂ ತೋರಿಸಿ.

18,000ಕ್ಕೆ 12 ಗಂಟೆಯಂತೆ 26 ದಿನ ಅಂದರೆ 312 ಗಂಟೆ, ಗಂಟೆಗೆ ಸುಮಾರು 58 ರೂಪಾಯಿ. 15,000ಕ್ಕೆ 8 ಗಂಟೆಯಂತೆ 26 ದಿನ ಅಂದರೆ 208 ಗಂಟೆ, ಗಂಟೆಗೆ 72 ರೂಪಾಯಿ. ಬೆಂಗಳೂರಿನ ಪಿಜಿ ಬಾಡಿಗೆ ಕಳೆದ ಮೇಲೆ ಯಾವುದು ದೊಡ್ಡದು ಅಂತ ಅವರೇ ಹೇಳಲಿ. 108ರವರು ಸಂಬಳ ಹೇಳಿದಾಗಲೂ ಇದೇ ಭಾಗಾಕಾರ ಮಾಡಿ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ದರ ಕೊಡಬೇಕೆಂಬುದು ನಿಯಮ, ಆಫರ್ ಲೆಟರ್‌ನಲ್ಲಿ ಅದು ಹೇಗೆ ಬರೆದಿದೆ ನೋಡಿ. "ಎಲ್ಲಾ ಸೇರಿ" ಎಂಬ ಎರಡು ಪದದಲ್ಲಿ ಓಟಿ (ಹೆಚ್ಚುವರಿ ಗಂಟೆಯ ಹಣ) ಮಾಯವಾಗುತ್ತದೆ.

ಹೇಳಿದ ಮೊತ್ತ ಸಿಟಿಸಿಯೋ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಕೈಗೆ ಬರುವುದೋ ಕೇಳಿ. ಪಿಎಫ್‌ಗೆ ನಿಮ್ಮಿಂದ 12 ಪರ್ಸೆಂಟ್ ಹೋಗುತ್ತದೆ, ಅವರೂ ಅಷ್ಟೇ ಹಾಕಬೇಕು. 21,000ದ ಒಳಗಿನ ಸಂಬಳಕ್ಕೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆ: ನಿಮ್ಮದು 0.75, ಅವರದು 3.25 ಪರ್ಸೆಂಟ್. ಸಂಬಳ ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದೇ ಇರುವುದುಂಟು. ಎರಡನೇ ತಿಂಗಳು ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಏಜೆನ್ಸಿ ಮೂಲಕ ಸೇರುವುದಾದರೆ ಟೆಂಡರ್ ಬದಲಾದಾಗ ಬಾಕಿ ಸಂಬಳ ಯಾರ ಹೊಣೆ ಅಂತ ಲಿಖಿತವಾಗಿ ಕೇಳಿ, ಯುಎಎನ್ (ಪಿಎಫ್ ಖಾತೆಯ ಕಾಯಂ ನಂಬರ್) ಮಾತ್ರ ಒಂದೇ ಇರಲಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಕೊಡಬೇಡಿ. ತೋರಿಸಿ, ಸಹಿ ಮಾಡಿದ ಜೆರಾಕ್ಸ್ ಕೊಟ್ಟು, ಒರಿಜಿನಲ್ ಅವತ್ತೇ ವಾಪಸ್ ತನ್ನಿ.

ಕೊನೆಗೆ ಹುದ್ದೆಯ ಹೆಸರು. ಲೆಟರ್‌ನಲ್ಲಿ 'ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್' ಅಂತಲೇ ಇರಲಿ. 'ಅಟೆಂಡರ್', 'ಹೆಲ್ಪರ್' ಅಂತಿದ್ದರೆ ಮುಂದೆ ಎಲ್ಲಿಗೆ ಹೋದರೂ ಆ ವರ್ಷಗಳು ಅನುಭವದ ಲೆಕ್ಕಕ್ಕೆ ಬರುವುದಿಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರರು ಅನ್ನಿಸಿಕೊಳ್ಳಲು ಕನಿಷ್ಠ 2,000 ಗಂಟೆಯ ಕೋರ್ಸ್ ಬೇಕು. ನಿಮ್ಮದು ಎರಡು ವರ್ಷದ್ದಲ್ಲವೇ, ಕೋರ್ಸ್ ಗಂಟೆಗಳನ್ನು ನಮೂದಿಸಿದ ಪತ್ರವನ್ನು ಕಾಲೇಜಿನಿಂದ ಈಗಲೇ ತೆಗೆದಿಟ್ಟುಕೊಳ್ಳಿ.

ಕ್ಯಾಶುವಾಲ್ಟಿ_ನೈಟ್

ಪಿಸಿಆರ್ ಅವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ದಾವಣಗೆರೆಯ ಆಸ್ಪತ್ರೆಯನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. 108ರಲ್ಲಿ ರೋಗಿಯನ್ನು ಇಳಿಸಿ ಬಂದ ಮೇಲೆ ಅವನಿಗೆ ಏನಾಯಿತು ಅಂತ ತಿಳಿಯುವುದು ಕಡಿಮೆ. ಕ್ಯಾಶುವಾಲ್ಟಿಯಲ್ಲಿ ನಿಮ್ಮ ಅಂದಾಜು ಸರಿಯೋ ತಪ್ಪೋ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಎದೆನೋವು ಅಂತ ತಂದವರ 12 ಲೀಡ್ ಇಸಿಜಿಯನ್ನು ನೀವೇ ತೆಗೆದು, ಡಾಕ್ಟರ್ ಪಕ್ಕ ನಿಂತು ಎಸ್‌ಟಿ ಏರಿದ್ದನ್ನು (ಹೃದಯಾಘಾತದ ಗುರುತು) ನೋಡಿದರೆ ಪುಸ್ತಕದ ಹತ್ತು ಪುಟ ಓದಿದ ಹಾಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸಿಗುವ ಈ ಕಾಲದಲ್ಲಿ, ಇಸಿಜಿ ಗುರುತಿಸಿ ಯಾವ ಆಸ್ಪತ್ರೆಗೆ ಒಯ್ಯಬೇಕೆಂದು ತಿಳಿದಿರುವ ಇಎಂಟಿ ತುಂಬಾ ಬೇಕು.

ಆದರೆ ಷರತ್ತು ಇದೆ. ಒಂದು ತಿಂಗಳಲ್ಲಿ ಹೊರಗಿನ ಕೇಸ್ ಎಷ್ಟು, ಡಿಸ್ಚಾರ್ಜ್ ಡ್ರಾಪ್ (ಗುಣವಾದವರನ್ನು ಮನೆಗೆ ಬಿಡುವುದು) ಎಷ್ಟು ಅಂತ ರಿಜಿಸ್ಟರ್ ತೋರಿಸಲು ಹೇಳಿ. ಹೊರಗಿನ ಕೇಸ್ ಬೆರಳೆಣಿಕೆಯಷ್ಟಿದ್ದರೆ ನೀವು ಇಎಂಟಿ ಅಲ್ಲ, ವಾರ್ಡ್ ಕೆಲಸಕ್ಕೆ ಸಿಕ್ಕ ಕಡಿಮೆ ಸಂಬಳದ ಕೈ. ಐವಿ ಹಾಕುವುದು, ಸ್ಪ್ಲಿಂಟ್, ಸಿಪಿಆರ್ ತಂಡದಲ್ಲಿ ಒಂದು ಜಾಗ, ಇವು ನಿಮಗೆ ಕೊಡುತ್ತಾರೋ ಅಥವಾ ಟ್ರಾಲಿ ತಳ್ಳುವುದಷ್ಟೇ ನಿಮ್ಮ ಪಾಲೋ, ಅಲ್ಲಿನ ಸ್ಟಾಫ್ ನರ್ಸ್ ಹತ್ತಿರ ಕೇಳಿದರೆ ನಿಜ ತಿಳಿಯುತ್ತದೆ. ಎಚ್‌ಆರ್ ಹತ್ತಿರ ಅಲ್ಲ.

ಹರಿಹರದ_ಹೊಳೆ

ತುಂಬಾ ಧನ್ಯವಾದಗಳು ಎಲ್ಲರಿಗೂ. ಗಂಟೆಯ ಲೆಕ್ಕ ಅಪ್ಪನಿಗೆ ತೋರಿಸಿದೆ, ಬೆಂಗಳೂರಿನ ಮಾತು ನಿಂತಿದೆ. 108ರ ಬೇಸ್ ನೋಡಲು ಸೋಮವಾರ ಹೋಗುತ್ತೇನೆ, ಆಸ್ಪತ್ರೆಗೆ ಮಂಗಳವಾರ. ರಾತ್ರಿ ಶಿಫ್ಟ್ ಬಗ್ಗೆ ಹೆಣ್ಣುಮಕ್ಕಳು ವಿಶೇಷವಾಗಿ ಏನು ನೋಡಬೇಕು?

ಪಿಸಿಆರ್_ಪುಟ

ಬೇಸ್‌ನಲ್ಲಿ ಒಳಗಿನಿಂದ ಚಿಲಕ ಹಾಕುವ ಕೋಣೆ, ನೀರಿರುವ ಶೌಚಾಲಯ ಇದೆಯೇ, ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಅಂತ ನೋಡು. ಬೇಸ್ ಸರ್ಕಾರಿ ಆಸ್ಪತ್ರೆ ಆವರಣದಲ್ಲಿದ್ದರೆ ನೈಟ್ ಸಿಸ್ಟರ್ ಇರುತ್ತಾರೆ, ರಸ್ತೆ ಬದಿಯ ಪಾಯಿಂಟ್ ಆದರೆ ಯಾರೂ ಇರುವುದಿಲ್ಲ. ರಾತ್ರಿ ಎಂಟಕ್ಕೆ ಶಿಫ್ಟ್ ಶುರುವಾದರೆ ನಿಮ್ಮೂರಿನಿಂದ ಆ ಹೊತ್ತಿಗೆ ಬಸ್ ಇದೆಯೇ, ಬೆಳಿಗ್ಗೆ ರಿಲೀವರ್ ತಡವಾದರೆ ವಾಪಸ್ ಹೇಗೆ ಅಂತಲೂ ವಿಚಾರಿಸು. ಕುಡಿದವರ ಗಲಾಟೆ ಇರುವ ಜಾಗದಲ್ಲಿ ಪೊಲೀಸ್ ಬರುವವರೆಗೆ ಗಾಡಿಯಿಂದ ಇಳಿಯದಿರುವ ಹಕ್ಕು ಇಎಂಟಿಗೆ ಇದೆಯೇ ಅಂತ ಸೂಪರ್‌ವೈಸರ್‌ನನ್ನು ನೇರವಾಗಿ ಕೇಳು. ಪೈಲಟ್ (ಗಾಡಿಯ ಡ್ರೈವರ್) ಯಾರು, ಅವರ ಜೊತೆ ಈಗ ಕೆಲಸ ಮಾಡುವ ಸಿಸ್ಟರ್ ಏನು ಹೇಳುತ್ತಾರೆ ಅನ್ನುವುದು ಇದೆಲ್ಲಕ್ಕಿಂತ ಮುಖ್ಯ. ಅವರ ನಂಬರ್ ತೆಗೆದುಕೊಂಡು ಒಮ್ಮೆ ಮಾತಾಡು.

ಇನ್ನೊಂದು, ಎಲ್ಲಿ ಸೇರಿದರೂ ಇದು ಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಮೂರನೆಯ ಡೋಸ್ ಆದ ಒಂದೆರಡು ತಿಂಗಳಿಗೆ, ಲಸಿಕೆ ಹತ್ತಿದೆಯೇ ಅಂತ ತಿಳಿಯಲು ಆ್ಯಂಟಿ ಎಚ್‌ಬಿಎಸ್ ರಕ್ತಪರೀಕ್ಷೆ ಮಾಡಿಸು, 10 ಅಥವಾ ಹೆಚ್ಚು ಇರಬೇಕು. ಸೂಜಿ ಚುಚ್ಚಿದರೆ ಸೋಪು ನೀರಲ್ಲಿ ತೊಳೆ, ಹಿಂಡಬೇಡ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ, 28 ದಿನ ಬಿಡದೆ ನುಂಗಬೇಕು. ಆ ಮಾತ್ರೆ ರಾತ್ರಿ ಎರಡು ಗಂಟೆಗೆ ಎಲ್ಲಿ ಸಿಗುತ್ತದೆ ಅಂತ ಸೋಮವಾರವೂ ಕೇಳು, ಮಂಗಳವಾರವೂ ಕೇಳು. ಮೊದಲ ಡೋಸ್ ಇನ್ನೂ ಹಾಕಿಸಿಕೊಂಡಿಲ್ಲ ಅಂದರೆ ನಾಳೆಯೇ ಹಾಕಿಸಿಕೋ.