ಆಯುಷ್ಮಾನ್ ಸುಧಾರಣೆಗೆ ಮನವಿ: ನಮ್ಮ ಜಿಲ್ಲೆಯಿಂದ ಏನು ಕೇಳಬೇಕು?

ಅಘನಾಶಿನಿ ದಂಡೆ, ಕುಮಟಾ:

ಎಲ್ಲರಿಗೂ ನಮಸ್ಕಾರ. ಕುಮಟಾ, ಹೊನ್ನಾವರ ಕಡೆಯ ಕೆಲವು ಪಂಚಾಯ್ತಿಯವರು ಸೇರಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಸುಧಾರಿಸಿ ಎಂದು ಮನವಿ ಕೊಡುವವರಿದ್ದಾರೆ. ಕರಡಿನಲ್ಲಿ ಸದ್ಯ ಒಂದೇ ಬೇಡಿಕೆ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇರುವುದನ್ನು 10 ಲಕ್ಷ ಮಾಡಿ ಅಂತ. 2018ರ ಮೊತ್ತ ಇವತ್ತಿಗೂ ಅಷ್ಟೇ ಇರುವುದರಿಂದ ಅದು ತಪ್ಪಲ್ಲ. ಆದರೆ ಗ್ರಾಮಸಭೆಯಲ್ಲಿ ಜನ ಹೇಳುವುದೇ ಬೇರೆ: ರೆಫರಲ್ ಚೀಟಿ ಸಿಗಲಿಲ್ಲ, ಮಣಿಪಾಲಕ್ಕೆ ಗಾಡಿ ಬಾಡಿಗೆ ಕೊಟ್ಟು ಸಾಕಾಯ್ತು, ತಿಂಗಳ ಔಷಧಿಗೇ ದುಡ್ಡಿಲ್ಲ. ಯಾವುದನ್ನು ಮೊದಲು ಹಾಕಬೇಕು? ಯಾವುದನ್ನು ರಾಜ್ಯದ ಹತ್ತಿರ ಕೇಳಬೇಕು, ಯಾವುದನ್ನು ಕೇಂದ್ರದ ಹತ್ತಿರ? ಗೊತ್ತಿರುವವರು ಬಿಡಿಸಿ ಹೇಳಿ.

ಶಾಲ್ಮಲೆ, ಶಿರಸಿ:

10 ಲಕ್ಷದ ಮಾತು ಕೊನೆಗಿರಲಿ. ನಮ್ಮ ಕಡೆಯವರು ತೊಂದರೆಗೆ ಸಿಕ್ಕುವುದು ಮಿತಿ ಮುಗಿದು ಅಲ್ಲ, ಆಸ್ಪತ್ರೆ ಬಾಗಿಲಲ್ಲೇ.

ಯೋಜನೆಯಲ್ಲಿ ಚಿಕಿತ್ಸೆಗಳಿಗೆ ಕೋಡ್ ಇದೆ. 2ಎ ಅಂದರೆ ಸಾಮಾನ್ಯ ದ್ವಿತೀಯ ಹಂತ, ಅದು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ ಕ್ಲಿಷ್ಟ ದ್ವಿತೀಯ ಹಂತ, 3ಎ ತೃತೀಯ ಹಂತ, ಅಂದರೆ ದೊಡ್ಡ ತಜ್ಞ ಆಸ್ಪತ್ರೆಯ ಚಿಕಿತ್ಸೆ. ಇವೆರಡಕ್ಕೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ‘ಇಲ್ಲಿ ಸೌಲಭ್ಯವಿಲ್ಲ’ ಎಂದು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. 4ಎ ತುರ್ತು ಚಿಕಿತ್ಸೆ. ಅದಕ್ಕೆ ಚೀಟಿಯೇ ಬೇಡ, ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು.

ಎಡವಟ್ಟಾಗುವುದು ಇಲ್ಲೇ. ರಾತ್ರಿ ತುರ್ತಾಗಿ ಹೋದವರು ಗಾಬರಿಯಲ್ಲಿ ಮೊದಲು ಕ್ಯಾಶ್ ಕೌಂಟರಿನಲ್ಲಿ ಅಡ್ವಾನ್ಸ್ ಕಟ್ಟಿಬಿಡುತ್ತಾರೆ. ಯೋಜನೆ ನಗದುರಹಿತವಾದದ್ದು, ಕೈಯಿಂದ ಕಟ್ಟಿದ ಬಿಲ್ಲನ್ನು ಆಮೇಲೆ ತುಂಬಿಕೊಡುವ ವ್ಯವಸ್ಥೆ ಅದರಲ್ಲಿ ಇಲ್ಲ. ದುಡ್ಡು ಕಟ್ಟುವ ಮುಂಚೆಯೇ ಆರೋಗ್ಯ ಮಿತ್ರರ (ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವವರು) ಕೈಗೆ ರೇಷನ್ ಕಾರ್ಡು, ಆಧಾರ್ ಕೊಟ್ಟು ‘ಪ್ರೀ-ಆಥ್ ಹಾಕಿ’, ಅಂದರೆ ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಕೇಳಿ, ಎನ್ನಬೇಕು. ಅವರು ಸಿಗದಿದ್ದರೆ 104ಕ್ಕೋ 14555ಕ್ಕೋ ಫೋನ್ ಮಾಡಬೇಕು.

ಇನ್ನೊಂದು ತೊಡಕು ಹೆಸರು. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ. ಇದನ್ನು ಮಂಚದ ಪಕ್ಕ ನಿಂತು ಸರಿಮಾಡಲಿಕ್ಕೆ ಆಗುವುದಿಲ್ಲ.

ಹಾಗಾಗಿ ಮನವಿಯಲ್ಲಿ ಮೊದಲು ಬರಬೇಕಾದದ್ದು ಇದು: ತಾಲೂಕು ಆಸ್ಪತ್ರೆಯಿಂದ ಹಗಲು ರಾತ್ರಿ, ಭಾನುವಾರವೂ ಆನ್‌ಲೈನ್ ರೆಫರಲ್ ಸಿಗಬೇಕು. ಕ್ಯಾನ್ಸರಿನ ಕೀಮೋದಂಥ ಸರಣಿ ಚಿಕಿತ್ಸೆಗೆ ಒಂದು ರೆಫರಲ್ ಕೊನೆಯ ಸರದಿಯ ತನಕ ನಡೆಯಬೇಕು. ಇದು ಪೂರಾ ರಾಜ್ಯದ ಕೈಯಲ್ಲಿದೆ. ಇಲ್ಲಿ ಯೋಜನೆ ನಡೆಸುವುದು ವಿಮಾ ಕಂಪನಿಯಲ್ಲ, ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಕಾಳಿ ತೀರ, ಕಾರವಾರ:

ಶಾಲ್ಮಲೆ ಹೇಳಿದ್ದು ಸರಿ, ಆದರೆ ಚೀಟಿ ಸಿಕ್ಕ ಮೇಲೆ ಹೋಗುವುದೆಲ್ಲಿಗೆ? ಕುಮಟಾದಿಂದ ಮಣಿಪಾಲ ಸುಮಾರು 140 ಕಿ.ಮೀ. ಶಿರಸಿಯಿಂದ ಹುಬ್ಬಳ್ಳಿ ನೂರು ದಾಟುತ್ತದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಅದನ್ನು ಈ ಜಿಲ್ಲೆ ಮರೆಯಬಾರದು.

ಹೃದಯಾಘಾತವನ್ನೇ ತೆಗೆದುಕೊಳ್ಳಿ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ನೋವು ಶುರುವಾದ 12 ತಾಸಿನೊಳಗೆ ಕೊಡಬಹುದು, ಆದರೆ ಚೆನ್ನಾಗಿ ಕೆಲಸ ಮಾಡುವುದು ಮೊದಲ 3 ತಾಸಿನಲ್ಲಿ. ತೂಕ ನೋಡಿ 30ರಿಂದ 50 ಮಿ.ಗ್ರಾಂ., ಒಂದೇ ಸಲಕ್ಕೆ ರಕ್ತನಾಳಕ್ಕೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಾಲೂಕು ಆಸ್ಪತ್ರೆಗಳಲ್ಲಿ ಇದು ಉಚಿತ, ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದವರು ನೋಡಿ ಹೇಳುತ್ತಾರೆ. ಇಂಜೆಕ್ಷನ್ ಆದ ಮೇಲೆ 3ರಿಂದ 24 ತಾಸಿನೊಳಗೆ ಎಂಜಿಯೋಗ್ರಾಮ್ (ಹೃದಯದ ರಕ್ತನಾಳದ ಪರೀಕ್ಷೆ) ಆಗಬೇಕು. ಅಂದರೆ ಮೊದಲ ಹೆಜ್ಜೆ ಊರಿನಲ್ಲಿ, ಎರಡನೆಯದು ನೂರು ಕಿ.ಮೀ. ಆಚೆ. ನಡುವಿನ ದಾರಿಗೆ ಆಯುಷ್ಮಾನ್ ಪ್ಯಾಕೇಜು (ಒಂದೊಂದು ಚಿಕಿತ್ಸೆಗೆ ಗೊತ್ತುಮಾಡಿದ ದರ) ದುಡ್ಡು ಕೊಡುವುದಿಲ್ಲ.

2008ರ ಹಳೆಯ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಮಿತಿ ಬರೀ 30,000 ಇತ್ತು, ಆದರೂ ಒಮ್ಮೆ ದಾಖಲಾದರೆ 100 ರೂಪಾಯಿಯಂತೆ ವರ್ಷಕ್ಕೆ 1,000ದ ತನಕ ಪ್ರಯಾಣ ಭತ್ಯೆ ಇತ್ತು. ಮೊತ್ತ ಸಣ್ಣದು, ತತ್ವ ಸರಿಯಾಗಿತ್ತು. ದೂರಕ್ಕೆ ತಕ್ಕ ಪ್ರಯಾಣ ಭತ್ಯೆ ವಾಪಸ್ ಬರಲಿ ಎಂದು ಬರೆಯಿರಿ. ಇದನ್ನು ಕೇಂದ್ರಕ್ಕೂ ಕಳಿಸಿ.

ಅಘನಾಶಿನಿ ದಂಡೆ:

ಇಬ್ಬರಿಗೂ ಧನ್ಯವಾದ. ಬಡತನ ರೇಖೆಯ ಮೇಲಿನ ಎಪಿಎಲ್ ಕಾರ್ಡಿನವರದ್ದು ಮತ್ತು ತಿಂಗಳ ಔಷಧಿಯದ್ದು ಹೇಗೆ ಬರೆಯಲಿ?

ಬನವಾಸಿ ಓದುಗ:

ಎಪಿಎಲ್ ಲೆಕ್ಕ ಹೀಗೆ: ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ತನಕ. 1 ಲಕ್ಷದ ಪ್ಯಾಕೇಜಿಗೆ 70,000 ಮನೆಯವರೇ ಹೊಂದಿಸಬೇಕು. ಎರಡು ಎಕರೆ ತೋಟವಿದ್ದು ಕೊಳೆರೋಗಕ್ಕೆ ಅಡಿಕೆ ಕಳಕೊಂಡವರಿಗೆ ಅದು ಸಾಲದ ಬಾಬ್ತು. ಈ ಪಾಲು ಹೆಚ್ಚಿಸುವುದು ರಾಜ್ಯದ ತೀರ್ಮಾನ. ಕೇಂದ್ರ ಖರ್ಚಿನ ಶೇ 60 ಕೊಡುವುದು 2011ರ ಸಾಮಾಜಿಕ–ಆರ್ಥಿಕ ಗಣತಿಯ ಪಟ್ಟಿಯ ಕುಟುಂಬಗಳಿಗೆ. ಹಾಗಾಗಿ ಕೇಂದ್ರದ ಹತ್ತಿರ ಆ ಹಳೆಯ ಪಟ್ಟಿ ಬದಲಿಸಿ ಎಂದು ಕೇಳಬೇಕು.

ಔಷಧಿಯದ್ದು ಇಡೀ ದೇಶದ ಸಮಸ್ಯೆ. ದಾಖಲಾತಿಗೆ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನ ಪ್ಯಾಕೇಜಿನಲ್ಲಿ ಸೇರುತ್ತವೆ. 16ನೇ ದಿನದ ಮಾತ್ರೆ ರೋಗಿಯದ್ದು. ಬಿಪಿ, ಸಕ್ಕರೆ ಕಾಯಿಲೆಯವರು ದಾಖಲಾಗುವುದೇ ಇಲ್ಲ, ಅವರಿಗೆ ಈ ಕಾರ್ಡಿನಿಂದ ಏನೂ ಇಲ್ಲ. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4 ಜನರ ಕೈಯಿಂದಲೇ ಹೋಗಿದೆ. ಥಾಯ್ಲೆಂಡಿನವರು 2002ರಲ್ಲಿ ಕಾನೂನು ಮಾಡಿ ಹೊರರೋಗಿ ಚಿಕಿತ್ಸೆಗೆ ತಲೆಗಿಷ್ಟು ಎಂದು ಆಸ್ಪತ್ರೆಗಳಿಗೆ ಮುಂಗಡ ಕೊಡುವ ಪದ್ಧತಿ ತಂದರು. ನಮ್ಮಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದೇ ರೀತಿ ಕೊಡಿ, ಬಿಪಿ–ಸಕ್ಕರೆ ಮಾತ್ರೆ ಒಮ್ಮೆಗೆ ಎರಡು ತಿಂಗಳದ್ದು ಕೈಗೆ ಸಿಗಲಿ ಎಂದು ಬರೆಯಿರಿ.

ಕಾಳಿ ತೀರ:

ಒಂದು ಸೇರಿಸಿ. ಕಾರವಾರದವರಿಗೆ ಮಣಿಪಾಲಕ್ಕಿಂತ ಗೋವಾದ ಬಾಂಬೋಳಿ ಹತ್ತಿರ. ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು 2018ರ ಜನವರಿಯಿಂದ ಹೊರ ರಾಜ್ಯದವರಿಗೆ ಶುಲ್ಕ ಹಾಕಿದೆ. ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು, ಕಾರವಾರ, ಜೋಯಿಡಾ, ಅಂಕೋಲೆಯವರ ಬಿಲ್ಲನ್ನು ಟ್ರಸ್ಟ್ ನೇರ ಭರಿಸಬೇಕು. ಆಸ್ಪತ್ರೆಯ ಬಿಲ್ ತೀರಿಸಲು ಹೊರ ರಾಜ್ಯದ ಕ್ಲೇಮಿಗೆ 30 ದಿನ, ಒಳಗಿನದಕ್ಕೆ 15 ದಿನದ ಗಡುವು ಯೋಜನೆಯ ಮಾರ್ಗಸೂಚಿಯಲ್ಲೇ ಇದೆ. ಆ ಗಡುವು ತಪ್ಪಿದರೆ ಬಡ್ಡಿ ಕೊಡಬೇಕೆಂಬ ಸಾಲೂ ಇರಲಿ. ಬಾಕಿ ಉಳಿದರೆ ಆಸ್ಪತ್ರೆಗಳು ಕಾರ್ಡಿನವರಿಗೆ ‘ಬೆಡ್ ಇಲ್ಲ’ ಅನ್ನುತ್ತವೆ.