ಟಾಕಿ ಇಲ್ಲದ ಗೀಸರ್: ಕರೆಂಟಿಂದು ತಗೋಬೇಕೋ, ಗ್ಯಾಸಿಂದೋ?

ಪ್ರಶ್ನೆ (ಧಾರವಾಡ, ಸಪ್ತಾಪುರ): ನಮಸ್ಕಾರ್ರಿ. ಮನ್ಯಾಗ ನಾಕ ಮಂದಿ, ಮುಂಜಾನೆ ಏಳರಿಂದ ಎಂಟೂವರಿ ಒಳಗ ಎಲ್ಲಾರ ಜಳಕ ಮುಗೀಬೇಕು. ಮ್ಯಾಲಿನ ಅಂತಸ್ತಿನ ಬಚ್ಚಲದಾಗಿನ 15 ಲೀಟರಿನ ಹಳೇ ಗೀಸರ್ ತಳದಾಗ ಸೋರಾಕ ಹತ್ತೈತಿ. ಈ ಸಲ ಟಾಕಿ ಇಲ್ಲದ್ದು ಹಚ್ಚಸೋಣ ಅಂತ ವಿಚಾರ. ಅಂಗಡ್ಯಾಗ ಕರೆಂಟಿಂದು 3 ಲೀಟರ್, 3 ಕಿಲೋವ್ಯಾಟಿಂದು ಒಂದು ತೋರಿಸಿದ್ರು, 6 ಲೀಟರಿನ ಗ್ಯಾಸ್ ಗೀಸರ್ ಇನ್ನೊಂದು. 6 ಲೀಟರಿಂದು ದೊಡ್ಡದು, ಅದನ್ನ ಒಯ್ಯಿರಿ ಅಂದ್ರು. ಯಾವುದು ಛಲೋ? ಶವರಿಗೂ ಸಾಕಾಗಬೇಕು.

ಉತ್ತರ (ಪ್ಲಂಬಿಂಗ್ ಮಿಸ್ತ್ರಿ, ಹುಬ್ಬಳ್ಳಿ): ಆ ಎರಡು ‘ಲೀಟರ್’ ಬ್ಯಾರೆ ಬ್ಯಾರೆ ಅಳತಿ ರೀ. ಕರೆಂಟಿಂದರ 3 ಲೀಟರ್ ಅಂದ್ರ ಗೀಸರಿನ ಒಳಗಿನ ಸಣ್ಣ ಪಾತ್ರಿ ಹಿಡಿಯೋ ನೀರು. ಗ್ಯಾಸಿಂದರ 6 ಲೀಟರ್ ಅಂದ್ರ ಒಂದ ನಿಮಿಷಕ್ಕ ಹರಿದು ಬರೋ ಬಿಸಿನೀರು, ಅದೂ ಬಂದ ನೀರಿನ ಬಿಸಿ 25 ಡಿಗ್ರಿ ಏರಿಸಿ ಕೊಡೋ ಲೆಕ್ಕ. ಅದಕ್ಕ ಡಬ್ಬಿ ಮ್ಯಾಲಿನ ಲೀಟರ್ ಬಿಟ್ಟು ಕಿಲೋವ್ಯಾಟ್ ನೋಡ್ರಿ. ಥಂಡ್ಯಾಗ ಮಾಳಗಿ ಮ್ಯಾಲಿನ ಟಾಕಿ ನೀರು ಮುಂಜಾನೆ 20 ಡಿಗ್ರಿ ಸುತ್ತ ಇರ್ತೈತಿ ಅಂತ ಹಿಡೀರಿ, ಜಳಕಕ್ಕ 40 ಬೇಕು. ಈ 20 ಡಿಗ್ರಿ ಏರಸಾಕ 3 ಕಿಲೋವ್ಯಾಟಿನ ಕಾಯಿಲ್ (ನೀರು ಕಾಸೋ ಸುರುಳಿ) ನಿಮಿಷಕ್ಕ ಕೊಡೋದು 2.1 ಲೀಟರ್ ಅಷ್ಟ. ಯಾವ ಕಂಪನಿದು ತಂದ್ರೂ ಇದು ಬದಲಾಗೂದಿಲ್ಲ.

3 ಲೀಟರಿಂದರಾಗ ಮದ್ಲ ಕಾದಿಟ್ಟ ನೀರು ಒಂದಿಷ್ಟು ಇರ್ತೈತಿ. 60 ಡಿಗ್ರಿ ಕಾಯಾಕ ಮೂರ ನಿಮಿಷ ಸಾಕು, ತಣ್ಣೀರ ಕೂಡಿಸಿದ್ರ 6 ಲೀಟರ್ ಆಗ್ತೈತಿ. ಅದು ಮುಗದ ಮ್ಯಾಲೆ ನಳದಾಗ ಸಣ್ಣ ಧಾರಿ ಅಷ್ಟ. 18 ಲೀಟರಿನ ಬಕೀಟು ತುಂಬಾಕ ಆರೇಳ ನಿಮಿಷ ಕಾಯಬೇಕು. ಭಾಂಡಿ ತೊಳಿಯಾಕ, ಮಾರಿ ತೊಳಿಯಾಕ ಇದು ಛಲೋ. ಶವರಿಗೆ ನಿಮಿಷಕ್ಕ 6 ಲೀಟರರ ಬೇಕು, ಅಲ್ಲಿ ಇದು ನಡಿಯೂದಿಲ್ಲ. 6 ಲೀಟರಿನ ಗ್ಯಾಸ್ ಗೀಸರ್ ಹತ್ರ ಹತ್ರ 10 ಕಿಲೋವ್ಯಾಟಿನ ಬೆಂಕಿ, ಅದಕ್ಕ ಶವರಿಗೆ ಅದೇ ತಾಳತೈತಿ.

ಆದ್ರ ಗ್ಯಾಸಿಂದು ಹತ್ತಬೇಕಂದ್ರ ನೀರಿಗೆ ಒತ್ತಡ ಬೇಕು. ಒಳಗೊಂದು ರಬ್ಬರಿನ ಪರದೆ ಇರ್ತೈತಿ, ನೀರು ಅದನ್ನ ದೂಡಿದ್ರನ ಸ್ವಿಚ್ ಒತ್ತಿ ಕಿಡಿ ಹಾರತೈತಿ. ಭಾಳಷ್ಟು ಮಾಡೆಲ್‌ಗಳಿಗೆ ಕಡಿಮಿ ಅಂದ್ರ 0.2ರಿಂದ 0.3 ಬಾರ್ (ಒತ್ತಡದ ಅಳತಿ) ಬೇಕು, ಡಬ್ಬಿ ಮ್ಯಾಲೆ ಬರದಿರ್ತಾರ. ಟಾಕಿ ತಳ ಶವರಿಗಿಂತ 10 ಫೂಟ್ ಎತ್ತರ ಇದ್ರ 0.3 ಬಾರ್. ಕೆಳಗಿನ ಅಂತಸ್ತಿಗೆ ತ್ರಾಸಿಲ್ಲ, ತಪ್ಪೋದು ಮ್ಯಾಲಿನ ಅಂತಸ್ತಿನ್ಯಾಗ. ಟೇಪ್ ಹಿಡದು ಅಳೀರಿ, ಬಕೀಟು ಎಷ್ಟ ಹೊತ್ತಿನ್ಯಾಗ ತುಂಬತೈತಿ ಅನ್ನೋದನ್ನೂ ಬರದು ಹಾಕ್ರಿ. ಗೀಸರ್ ಎಲ್ಲಿ ಹಚ್ಚೋ ವಿಚಾರ ಐತಿ?

ಪ್ರಶ್ನೆ (ಸಪ್ತಾಪುರ): ಹಳೇದು ಇದ್ದ ಜಾಗಾದಾಗ, ಬಚ್ಚಲದ ಒಳಗ. ಕಿಡಕಿ ಐತಿ, ಎಗ್ಝಾಸ್ಟ್ ಫ್ಯಾನೂ ಐತಿ.

ಉತ್ತರ (ಪ್ಲಂಬಿಂಗ್ ಮಿಸ್ತ್ರಿ): ಬ್ಯಾಡ್ರಿ. ಕಿಡಕಿ ಇದ್ರೂ ಬ್ಯಾಡ, ಫ್ಯಾನ್ ಇದ್ರೂ ಬ್ಯಾಡ. ಗ್ಯಾಸ್ ಗೀಸರ್ ಬಚ್ಚಲದ ಒಳಗ ಹಚ್ಚಲೇಬಾರದು. ಇದು ಒಂದ ತಾಸು ಉರಿದ್ರ ಹತ್ರ ಹತ್ರ ಒಂದ ಕೆಜಿ ಗ್ಯಾಸ್ ಸುಡತೈತಿ, ಅಷ್ಟಕ್ಕ ಬೇಕಾಗೋ ಗಾಳಿ ಸಣ್ಣ ಖೋಲ್ಯಾಗ ಇರೂದಿಲ್ಲ. ಥಂಡಿಗೆ ಕಿಡಕಿ ಮುಚ್ಚೇ ಮುಚ್ಚತೀರಿ, ಕರೆಂಟ್ ಹೋದ್ರ ಫ್ಯಾನ್ ನಿಂತಂಗ. ಗಾಳಿ ಸಾಲದ ಉರದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟತೈತಿ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ. ಗ್ಯಾಸ್ ಸೋರಿದ್ರ ಮೂಗಿಗೆ ತಿಳೀತೈತಿ, ಇದು ತಿಳಿಯೂದಿಲ್ಲ. ತಲಿ ಭಾರ ಆಗ್ತೈತಿ, ಕೈಕಾಲಿನ ಶಕ್ತಿ ಹೋಗ್ತೈತಿ, ಬಾಗಲ ಚಿಲಕ ತಗಿಯೋದರೊಳಗ ಎಚ್ಚರ ತಪ್ಪತೈತಿ. ಸಣ್ಣ ಹುಡುಗರು, ಬಸುರಿ ಹೆಣ್ಮಕ್ಕಳು ಇದ್ದ ಮನ್ಯಾಗಂತೂ ಈ ಮಾತು ಮರೀಬ್ಯಾಡ್ರಿ.

ಗೀಸರ್ ಹೊರಗ ಯುಟಿಲಿಟ್ಯಾಗ, ಗಾಳಿ ಆಡೋ ಕಡೆ ಹಚ್ಚರಿ. ಬಿಸಿನೀರಿನ ಪೈಪ್ ಅಷ್ಟ ಗ್ವಾಡಿ ದಾಟಿ ಒಳಗ ಬರಲಿ. ಆ ಪೈಪ್ ಬಿಸಿ ತಾಳೋ ಸಿಪಿವಿಸಿ ಪ್ಲಾಸ್ಟಿಕ್ಕಿಂದು ಇರಲಿ, ತಣ್ಣೀರಿನ ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗಿ ಜಾಯಿಂಟ್ ಬಿಡತೈತಿ. ಉರಿ ನೀಲಿ ಇರಬೇಕು. ಹಳದಿ ಆತು, ಮ್ಯಾಲಿನ ಕಿಂಡಿ ಸುತ್ತ ಮಸಿ ಹಿಡೀತು ಅಂದ್ರ ಅವತ್ತ ಬಂದ್ ಮಾಡಿ ಬರ್ನರ್ ಸ್ವಚ್ಛ ಮಾಡಸ್ರಿ. ಡಬ್ಬಿ ಮ್ಯಾಲೆ ಐಎಸ್‌ಐ ಗುರ್ತು, ಅದರ ಜೋಡಿ ಐಎಸ್ 15558 ಅನ್ನೋ ನಂಬರ್ ಇರೋದನ್ನ ತಗೋರಿ.

ರೆಗ್ಯುಲೇಟರ್ ಅಡಗಿ ಸಿಲಿಂಡರಿನ ಸಾದಾದ್ದೇ ಸಾಕು, ಹೋಟೆಲ್ ಒಲಿ ಮಾದರಿ ತಿರುವೋ ಹೈ ಪ್ರೆಶರಿಂದು ಬ್ಯಾಡ. ಸಿಲಿಂಡರ್ ನೆಟ್ಟಗ ನಿಂತಿರಬೇಕು. ಗ್ಯಾಸಿನ ಸುರಕ್ಷಾ ನಳಿ ಒಂದೂವರಿ ಮೀಟರಿಗಿಂತ ಉದ್ದ ಆಗಬಾರದು, ಐದ ವರ್ಷಕ್ಕ ಬದಲಿ. ಎಲ್ಲಾ ಜೋಡಿಸಿದ ಮ್ಯಾಲೆ ಜಾಯಿಂಟಿಗೆ ಸಾಬೂನಿನ ನೀರು ಸವರಿ ಗುಳ್ಳಿ ಏಳತಾವೇನು ನೋಡ್ರಿ. ಕಡ್ಡಿ ಗೀರಿ ನೋಡೋರು ಇನ್ನೂ ಅದಾರ, ಅದನ್ನ ಮಾಡಸಬ್ಯಾಡ್ರಿ.

ಉತ್ತರ (ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್, ಧಾರವಾಡ): ಕರೆಂಟಿನ ಕಡೆಯಿಂದ ನಾನೂ ಕೂಡಸ್ತೀನಿ. 3 ಕಿಲೋವ್ಯಾಟ್ ಅಂದ್ರ 13 ಆಂಪಿಯರ್. ಬೋರ್ಡಿನಿಂದ ಸೀದಾ ಬ್ಯಾರೆ ಲೈನ್ ಇರಬೇಕು: 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪಿಯರ್ ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬೀಳೋ ಸ್ವಿಚ್), ಅದರ ಮ್ಯಾಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಲೈನ್ ಕಡಿಯೋ ಸ್ವಿಚ್). ಅರ್ತಿಂಗ್ ಖರೇನ ಐತೋ ಇಲ್ಲೋ ನೋಡಸ್ರಿ, ಸಾಕೆಟ್ಟಿಗೆ ಮೂರ ತೂತ ಇದ್ದ ಮಾತ್ರಕ್ಕ ಅರ್ತಿಂಗ್ ಇರೂದಿಲ್ಲ. ಸುಟ್ಟು ಕಪ್ಪಾದ ಪ್ಲಗ್ ಎಲ್ಲಾ ಕಡೆ ನೋಡತೀರಲ್ಲ, ಪಿನ್ ಸಡ್ಲ ಆಗಿ ಅಲ್ಲೇ ಕಾದು ಸುಡೋದು ಅದು. ಅದಕ್ಕ ಪ್ಲಗ್ ಬಿಟ್ಟು ಡಿಪಿ ಸ್ವಿಚ್ಚಿಗೆ (ಎರಡೂ ವೈರು ಒಮ್ಮಿಗೇ ಕಡಿಯೋದು) ಸೀದಾ ಕೂಡಸೋದು ಛಲೋ. ನೆಟ್ಟಿನ ಮ್ಯಾಲೆ 6 ಕಿಲೋವ್ಯಾಟಿನವು ಅಗ್ಗಕ್ಕ ಕಾಣತಾವು. ಅವಕ್ಕ 26 ಆಂಪಿಯರ್, 6 ಸ್ಕ್ವೇರ್ ವೈರು ಬೇಕು. ಹೆಸ್ಕಾಂ ಬಿಲ್ಲಿನ್ಯಾಗ ಮಂಜೂರಾದ ಲೋಡ್ ಎಷ್ಟು ಬರದೈತಿ ನೋಡದ ತರಸಬ್ಯಾಡ್ರಿ.

ಇನ್ನೊಂದು, ಓಲ್ಟೇಜ್. ಎಲ್ಲಾರೂ ಗೀಸರ್ ಹಚ್ಚೋ ಹೊತ್ತಿನ್ಯಾಗ ಲೈನ್ 190ಕ್ಕ ಇಳದ್ರ 3 ಕಿಲೋವ್ಯಾಟಿಂದು 2 ಕಿಲೋವ್ಯಾಟ್ ಕೆಲಸ ಅಷ್ಟ ಮಾಡತೈತಿ, ಯಾಕಂದ್ರ ಶಕ್ತಿ ಓಲ್ಟೇಜಿನ ವರ್ಗದ ಲೆಕ್ಕದಾಗ ಇಳೀತೈತಿ. ‘ಹೊಸ ಗೀಸರ್, ನೀರ ಕಾಯವಲ್ಲದು’ ಅನ್ನೋ ತಕರಾರಿಗೆ ಭಾಳ ಸಲ ಇದೇ ಕಾರಣ.

ಖರ್ಚು: 18 ಲೀಟರ್ ನೀರು 20 ಡಿಗ್ರಿ ಏರಸಾಕ 0.42 ಯೂನಿಟ್, ಇಲ್ಲಾಂದ್ರ ಸುಮಾರು 40 ಗ್ರಾಂ ಗ್ಯಾಸ್. ನಾಕ ಮಂದಿಗೆ ಒಂದೊಂದ ಬಕೀಟು ಅಂದ್ರ ತಿಂಗಳಿಗೆ 50 ಯೂನಿಟ್, ಗ್ಯಾಸಾದ್ರ 14.2 ಕೆಜಿ ಸಿಲಿಂಡರ್ ಮೂರ ತಿಂಗಳ ಹತ್ರ ಬರತೈತಿ. ಶವರ್ ಬಿಟ್ಟುಕೊಂಡು ನಿಂತ್ರ ಎರಡೂ ದುಪ್ಪಟ್ಟು. ಗೃಹಜ್ಯೋತಿ ಇದ್ದವ್ರು ನೆನಪಿಡ್ರಿ: 200 ಯೂನಿಟ್ ದಾಟಿದ್ರ ಆ ತಿಂಗಳದು ಪೂರಾ ಬಿಲ್ ನಿಮ್ಮದೇ.

ಪ್ರಶ್ನೆ (ಗದಗ): ಅಣ್ಣಾರ, ನಮ್ಮದು ಬೋರ್ ನೀರು. 3 ಲೀಟರಿಂದು ವರ್ಷದಾಗ ಎರಡ ಸಲ ಕಾಯಿಲ್ ಹೋತು. ಕಂಪನಿ ಬದಲಿ ಮಾಡಲೇನು?

ಉತ್ತರ (ಪ್ಲಂಬಿಂಗ್ ಮಿಸ್ತ್ರಿ): ಕಂಪನಿ ಬದಲಿ ಮಾಡಿದ್ರೂ ನೀರು ಅದೇ ಅಲ್ರೀ. ಗಡಸ ನೀರು ಕಾದಾಗ ಸುಣ್ಣ ಕಾಯಿಲಿಗೆ ಹತ್ತತೈತಿ, 60 ಡಿಗ್ರಿ ದಾಟಿದ್ರ ಭಾಳ ಲಗೂನ ಹತ್ತತೈತಿ. ಸುಣ್ಣದ ಪದರದೊಳಗಿನ ಕಾಯಿಲಿನ ಕಾವು ನೀರಿಗೆ ಹೋಗದ ಕಾಯಿಲೇ ಸುಡತೈತಿ. ಹೋಗೋಕಿಂತ ಮದ್ಲ ಗುರ್ತು ಕೊಡತೈತಿ: ಒಳಗ ಚಟಪಟ ಸಪ್ಪಳ, ತಣ್ಣೀರ ಜೋರ್ ಇದ್ರೂ ಬಿಸಿನೀರ ಧಾರಿ ಸಣ್ಣ.

ಥರ್ಮೋಸ್ಟ್ಯಾಟ್ ತಿರುವೋದು ಇದ್ರ 50ಕ್ಕ ಇಡ್ರಿ. ಆರ ತಿಂಗಳಿಗೊಮ್ಮೆ ಮೇನ್ ಬಂದ್ ಮಾಡಿ, ನೀರ ಇಳಿಸಿ, ಒಂದ ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಒಳಗ ತುಂಬಿ 45 ನಿಮಿಷ ಬಿಡ್ರಿ. ಗ್ಯಾಸ್ ಗೀಸರಿನ ತಾಮ್ರದ ಸುರುಳಿಗೂ ಇದೇ ಮದ್ದು. ಆಮ್ಯಾಲೆ ಎರಡ ಬಕೀಟು ನೀರು ಹರಿಸಿ ತೊಳೀರಿ. ಪಾಯಖಾನಿ ತೊಳಿಯೋ ಆಸಿಡ್ ಹಾಕಬ್ಯಾಡ್ರಿ, ಅದು ತಾಮ್ರಾನೂ ತಿಂತೈತಿ. ಗದಗಿನ್ಯಾಗ ತುಂಗಭದ್ರಾ ನೀರು ಬರೋ ಮನಿ ಆದ್ರ ಗೀಸರಿನ ಲೈನ್ ಆ ಟಾಕಿಗೆ ಕೂಡಸ್ರಿ, ಬೋರ್ ನೀರು ಅರಿವಿ ಒಗಿಯಾಕ, ಗಿಡಕ್ಕ ಇರಲಿ.

ಪ್ರಶ್ನೆ (ಹಾವೇರಿ): ನಮ್ಮ ಗ್ಯಾಸ್ ಗೀಸರ್ ಜಳಕದ ನಡುವ ಆರಿ ಹೋಗ್ತೈತಿ. ಕಿಡಿ ಹಾರಸೋ ಸೆಲ್ ಹೊಸಾವು.

ಉತ್ತರ (ಪ್ಲಂಬಿಂಗ್ ಮಿಸ್ತ್ರಿ): ಸರಿಯಾಗಿ 20 ನಿಮಿಷಕ್ಕ ಆರಿದ್ರ ಅದು ಸುರಕ್ಷತಾ ಟೈಮರ್, ಕೆಟ್ಟಿಲ್ಲ. ಅದಕ್ಕ ಮದ್ಲ ಆರಿದ್ರ ಬಿಸಿ ಹೆಚ್ಚಾತು ಅಂತ ತಣ್ಣೀರಿನ ನಳ ಜೋರ್ ಬಿಡತೀರೇನು ನೋಡ್ರಿ. ಹಂಗ ಬಿಟ್ರ ಗೀಸರ್ ಒಳಗಿನ ಹರಿವು ಕಡಿಮಿ ಆಗಿ ಪರದೆ ಹಿಂದ ಸರೀತೈತಿ, ಉರಿ ಆರತೈತಿ. ಬಿಸಿ ಕಡಿಮಿ ಮಾಡಾಕ ಗ್ಯಾಸಿನ ನಾಬ್ ಇಳಿಸ್ರಿ, ನೀರು ಪೂರಾ ಬಿಡ್ರಿ. ಅಷ್ಟಾದ್ರೂ ಹಂಗ ಆದ್ರ ನೀರು ಒಳಗ ಹೋಗೋ ಬಾಯ್ಯಾಗಿನ ಜಾಳಿಗಿ ತಗದು ತೊಳೀರಿ, ಮಣ್ಣು ಕುಂತಿರತೈತಿ.

ಪ್ರಶ್ನೆ (ಸಪ್ತಾಪುರ): ಅಳದೇವ್ರಿ. ಟಾಕಿ ತಳದಿಂದ ಶವರಿಗೆ 6 ಫೂಟ್. 18 ಲೀಟರಿನ ಬಕೀಟು ತುಂಬಾಕ 4 ನಿಮಿಷ 10 ಸೆಕೆಂಡ್. ಪೈಪ್ ಅರ್ಧ ಇಂಚು. ಬಚ್ಚಲದ ಹಿಂದ ಯುಟಿಲಿಟಿ ಐತಿ, ಒಂದ ಕಡೆ ಬರೇ ಗ್ರಿಲ್.

ಉತ್ತರ (ಪ್ಲಂಬಿಂಗ್ ಮಿಸ್ತ್ರಿ): 6 ಫೂಟಿಗೆ 0.18 ಬಾರ್, ಹರಿವು ನಿಮಿಷಕ್ಕ 4.3 ಲೀಟರ್. ಹಿಂಗ ಇದ್ದಂಗ ಗ್ಯಾಸಿಂದು ಹಚ್ಚಿದ್ರ ಒಂದ ದಿನ ಹತ್ತತೈತಿ, ಒಂದ ದಿನ ಹತ್ತೂದಿಲ್ಲ. ಶವರ್ ಬೇಕೇ ಬೇಕಂದ್ರ ಟಾಕಿಯಿಂದ ಮುಕ್ಕಾಲ ಇಂಚಿನ ಬ್ಯಾರೆ ಲೈನ್ ಇಳಿಸಿ, ಅದಕ್ಕ ಸಣ್ಣ ಪ್ರೆಶರ್ ಪಂಪ್ ಕೂಡಸ್ರಿ. ಪಂಪಿನ ನೀರು ಬಿಸಿ, ತಣ್ಣಗಿನ ಎರಡೂ ಲೈನಿಗೆ ಹೋಗಬೇಕು. ಬಿಸೀದಕ್ಕಷ್ಟ ಕೂಡಿಸಿದ್ರ ಮಿಕ್ಸರ್ ನಳದಾಗ (ಬಿಸಿ, ತಣ್ಣೀರು ಕೂಡೋ ಜಾಗಾ) ಬಿಸಿನೀರು ತಣ್ಣೀರನ್ನ ಹಿಂದಕ್ಕ ದೂಡತೈತಿ. ಗೀಸರ್ ಯುಟಿಲಿಟ್ಯಾಗ, ಉರಿ ಕಾಣೋ ಕಿಂಡಿ ಕಣ್ಣಿನ ಮಟ್ಟಕ್ಕ ಬರೋವಂಗ. ಗ್ರಿಲ್ ಎದುರಿಗೆ ಬ್ಯಾಡ, ಪಕ್ಕದ ಗ್ವಾಡಿಗೆ ಹಚ್ಚರಿ. ಮಳಿಗಾಲದ ಪಡುವಣ ಗಾಳಿ ಸೀದಾ ಹೊಡದ್ರ ಉರಿ ಆರತೈತಿ. ಎರಚಲಾ ಬರತೈತಿ ಅಂತ ಆ ಗ್ರಿಲ್ಲಿಗೆ ಮುಂದ ಎಂದೂ ಗಾಜು, ಶೀಟ್ ಹಾಕಸಬ್ಯಾಡ್ರಿ. ಕರೆಂಟ್ ಹೋದ್ರ ಪಂಪ್ ನಿಲ್ಲತೈತಿ, ಅವತ್ತ ಶವರ್ ಇಲ್ಲ.

ಇಷ್ಟೆಲ್ಲಾ ಬ್ಯಾಡ, ಬಕೀಟಿನ ಜಳಕ ಸಾಕು ಅಂದ್ರ ನನ್ನ ಮಾತು ಕೇಳ್ರಿ, 25 ಲೀಟರಿನ ಟಾಕಿ ಗೀಸರೇ ಹಚ್ಚಸ್ರಿ. 60ಕ್ಕ ಕಾಸಿದ್ರ ಎರಡೂವರಿ ಬಕೀಟು ಜಳಕದ ನೀರು ಒಮ್ಮಿಗೇ ಸಿಗತೈತಿ, 2 ಕಿಲೋವ್ಯಾಟಿನ ಕಾಯಿಲ್ ಅದನ್ನ 35 ನಿಮಿಷದಾಗ ಹೊಳ್ಳಿ ಕಾಸತೈತಿ. ಏಳಕ್ಕ ಇಬ್ಬರು, ಎಂಟಕ್ಕ ಇಬ್ಬರು, ಬರೋಬ್ಬರಿ ಆಗ್ತೈತಿ. ಈಗಿನ ವೈರು ಎಷ್ಟ ಸ್ಕ್ವೇರಿಂದು ಅನ್ನೋದನ್ನ ಬೋರ್ಡ್ ಬಿಚ್ಚಿ ನೋಡಿಸಿ ತಿಳಸ್ರಿ.